ಸಂಶೋಧನ ವಿಧಾನದ ಆಯ್ಕೆ: ಪ್ರಶ್ನೆ ಮತ್ತು ಆಕರಗಳ ನಡುವೆ

೧

ಕನ್ನಡದಲ್ಲಿ ಸಿದ್ಧವಾಗುವ ಪಿಎಚ್.ಡಿ. ಮಹಾಪ್ರಬಂಧಗಳ ಮೊದಲ ಅಧ್ಯಾಯದಲ್ಲಿ ಸಾಮಾನ್ಯವಾಗಿ ಒಂದು ವಾಕ್ಯ ಕಂಡುಬರುತ್ತದೆ: 'ಪ್ರಸ್ತುತ ಅಧ್ಯಯನದಲ್ಲಿ ವಿವರಣಾತ್ಮಕ, ವಿಶ್ಲೇಷಣಾತ್ಮಕ ಹಾಗೂ ತೌಲನಿಕ ವಿಧಾನಗಳನ್ನು ಅಗತ್ಯಕ್ಕೆ ತಕ್ಕಂತೆ ಅನುಸರಿಸಲಾಗಿದೆ.' ಈ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಒಂದು ಪ್ರಬಂಧದಿಂದ ಕಿತ್ತು ಇನ್ನೊಂದು ಪ್ರಬಂಧದಲ್ಲಿ ಇರಿಸಿದರೂ ಎರಡಕ್ಕೂ ಯಾವ ವ್ಯತ್ಯಾಸವೂ ಆಗುವುದಿಲ್ಲ. ಎಲ್ಲ ಪ್ರಬಂಧಗಳಿಗೂ ಸಲ್ಲುವ ಮಾತು ಯಾವ ಪ್ರಬಂಧಕ್ಕೂ ಸಲ್ಲುವುದಿಲ್ಲ. ಅನೇಕ ಸಂದರ್ಭಗಳಲ್ಲಿ ಈ ವಾಕ್ಯವನ್ನು ಬರೆಯುವುದು ಕೊನೆಯಲ್ಲಿ, ಉಳಿದ ಅಧ್ಯಾಯಗಳೆಲ್ಲ ಬೆರಳಚ್ಚಾದ ಮೇಲೆ. ಹೀಗೆ ಬಂದ ವಿಧಾನವು ಮನೆ ಕಟ್ಟಿ ಮುಗಿದ ಮೇಲೆ ಬಾಗಿಲಿಗೆ ಕಟ್ಟಿದ ತೋರಣದಂತೆ. ಅದರಿಂದ ಗೋಡೆಗೆ ಬಲ ಬರುವುದಿಲ್ಲ.

ಇದು ಕೇವಲ ಔಪಚಾರಿಕ ಲೋಪವಾಗಿದ್ದರೆ ಅದನ್ನು ಕುರಿತು ಇಷ್ಟು ಬರೆಯುವ ಅಗತ್ಯವಿರಲಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ೨೦೨೨ರ ನಿಯಮಗಳ ಪ್ರಕಾರ ಪಿಎಚ್.ಡಿ. ಅಧ್ಯಯನಕ್ಕೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷಗಳ ಅವಧಿಯಿದೆ. ಮರುನೋಂದಣಿಯಿಂದ ಇನ್ನೆರಡು ವರ್ಷ ದೊರೆಯಬಹುದು. ಇವು ಒಬ್ಬ ಅಧ್ಯಯನಶೀಲನ ಜೀವನದ ಅತ್ಯಂತ ಫಲವತ್ತಾದ ವರ್ಷಗಳು. ಹೊರನಾಡಿನ ಕನ್ನಡ ವಿಭಾಗಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಹಲವರು ಶಾಲೆಯಲ್ಲೋ ಬ್ಯಾಂಕಿನಲ್ಲೋ ದುಡಿಯುತ್ತ, ಭಾನುವಾರಗಳನ್ನೂ ಬೇಸಿಗೆಯ ರಜೆಯನ್ನೂ ಸಂಶೋಧನೆಗೆ ಮೀಸಲಿಟ್ಟವರು. ಮೈಸೂರಿನ ಅಥವಾ ಧಾರವಾಡದ ಹಸ್ತಪ್ರತಿ ಭಂಡಾರಗಳು ಅವರ ಮನೆಯಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿವೆ. ವಿಧಾನದ ಆಯ್ಕೆಯಲ್ಲಿ ತಪ್ಪಿದವರಿಗೆ ಅದರ ಅರಿವಾಗುವುದು ಬಹುಮಟ್ಟಿಗೆ ನಾಲ್ಕನೆಯ ವರ್ಷದಲ್ಲಿ: ಮಾಹಿತಿ ಬೇಕಾದಷ್ಟಿದೆ, ಆದರೆ ಅದರಿಂದ ಏನೂ ಸಿದ್ಧವಾಗುತ್ತಿಲ್ಲ. ಪ್ರಬಂಧಗಳು ಅರ್ಧದಲ್ಲಿ ನಿಲ್ಲುವುದು ಹೆಚ್ಚಾಗಿ ಈ ಹಂತದಲ್ಲಿಯೇ.

ವಿಧಾನವನ್ನು ಒಂದು ಪಟ್ಟಿಯಿಂದ ಆರಿಸಿಕೊಳ್ಳಲು ಬರುವುದಿಲ್ಲ. ಪ್ರಶ್ನೆ ಮತ್ತು ಆಕರಗಳು ಪರಸ್ಪರ ಸಂಧಿಸುವ ಸ್ಥಳದಲ್ಲಿ ಅದು ನಿರ್ಧಾರವಾಗುತ್ತದೆ ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಕೆಲವು ಪರಿಭಾಷೆಗಳನ್ನು ಬಿಡಿಸಿಕೊಳ್ಳುವುದು ಅವಶ್ಯ. ನಮ್ಮ ಚರ್ಚೆಗಳಲ್ಲಿ ವಿಷಯ, ಪ್ರಶ್ನೆ, ಆಕರ, ವಿಧಾನ, ತಂತ್ರ, ಸಿದ್ಧಾಂತ ಎಂಬ ಮಾತುಗಳು ಒಂದರೊಳಗೊಂದು ಬೆರೆತುಹೋಗಿವೆ.

'ವಿಷಯ' ಎಂಬುದು ಒಂದು ಕ್ಷೇತ್ರದ ಹೆಸರು. 'ಮುಂಬಯಿ ಕನ್ನಡಿಗರ ಸಾಂಸ್ಕೃತಿಕ ಕೊಡುಗೆ: ಒಂದು ಅಧ್ಯಯನ' ಎನ್ನುವಾಗ ನಾವು ಕ್ಷೇತ್ರವನ್ನು ಹೆಸರಿಸಿದ್ದೇವೆಯೇ ಹೊರತು ಅಲ್ಲಿ ಏನನ್ನು ಅರಸುತ್ತೇವೆಂಬುದನ್ನು ಹೇಳಿಲ್ಲ. 'ಪ್ರಶ್ನೆ' ಎಂಬುದು ಆ ಕ್ಷೇತ್ರದಲ್ಲಿ ನಮಗೆ ತಿಳಿಯದೆ ಇರುವ, ತಿಳಿಯಬೇಕಾಗಿರುವ ಸಂಗತಿ. ಪ್ರಶ್ನೆ ನಿಜವಾದದ್ದೇ ಎಂಬುದನ್ನು ಪರೀಕ್ಷಿಸಲು ಒಂದು ಸುಲಭವಾದ ಒರೆಗಲ್ಲಿದೆ: ನಮ್ಮ ನಿರೀಕ್ಷೆಗೆ ವಿರುದ್ಧವಾದ ಉತ್ತರ ಬರುವ ಸಾಧ್ಯತೆ ಅದರಲ್ಲಿದೆಯೇ? 'ಕೊಡುಗೆ'ಯನ್ನು ಕುರಿತ ಅಧ್ಯಯನದಲ್ಲಿ ಆ ಸಾಧ್ಯತೆಯಿಲ್ಲ. ಕೊಡುಗೆ ದೊಡ್ಡದೆಂಬ ತೀರ್ಮಾನ ಶೀರ್ಷಿಕೆಯಲ್ಲಿಯೇ ಸೇರಿಹೋಗಿದೆ.

'ಆಕರ' ಎಂದರೆ ಉತ್ತರವನ್ನು ಕೊಡಬಲ್ಲ ಸಾಮಗ್ರಿ: ಶಾಸನ, ಹಸ್ತಪ್ರತಿ, ಮುದ್ರಿತ ಕೃತಿ, ದಾಖಲೆ, ಹಾಡು, ವ್ಯಕ್ತಿಯ ನೆನಪು. 'ತಂತ್ರ' ಎಂದರೆ ಆ ಸಾಮಗ್ರಿಯನ್ನು ಕೂಡಿಹಾಕುವ ಬಗೆ: ಸಂದರ್ಶನ, ಪ್ರಶ್ನಾವಳಿ, ಧ್ವನಿಮುದ್ರಣ, ಟಿಪ್ಪಣಿಯ ಚೀಟಿಗಳು. 'ವಿಧಾನ' ಎಂಬುದು ಇವೆರಡಕ್ಕಿಂತ ಮೇಲಿನ ಹಂತದ್ದು. ಆಕರವು ಹೇಳುವ ಮಾತು ನನ್ನ ಪ್ರಶ್ನೆಗೆ ಯಾವ ನ್ಯಾಯದಿಂದ ಸಾಕ್ಷ್ಯವಾಗುತ್ತದೆ ಎಂಬ ತರ್ಕವೇ ವಿಧಾನ. ಆದ್ದರಿಂದ 'ಸಂದರ್ಶನ ವಿಧಾನವನ್ನು ಬಳಸಲಾಗಿದೆ' ಎಂದರೆ ಅರ್ಧ ಮಾತು ಹೇಳಿದಂತೆ. ಎಂಬತ್ತರ ಹರೆಯದ ಹಿರಿಯರೊಬ್ಬರು ಅರುವತ್ತು ವರ್ಷಗಳ ಹಿಂದಿನ ಸಂಗತಿಯನ್ನು ಇಂದು ನೆನೆದು ಹೇಳಿದಾಗ, ಅದು ಅಂದಿನ ಸಂಗತಿಗೆ ಸಾಕ್ಷ್ಯವೋ, ಇಂದಿನ ಅವರ ಮನೋಭಾವಕ್ಕೆ ಸಾಕ್ಷ್ಯವೋ ಎಂಬುದನ್ನು ನಿರ್ಣಯಿಸಿದಾಗಲೇ ವಿಧಾನದ ಮಾತು ಪೂರ್ಣವಾಗುತ್ತದೆ. ಇನ್ನು 'ಸಿದ್ಧಾಂತ'ವು ಪ್ರಶ್ನೆಯನ್ನು ಹುಟ್ಟಿಸುವ ದೃಷ್ಟಿ. ಸ್ತ್ರೀವಾದವಾಗಲಿ ವಸಾಹತೋತ್ತರ ಚಿಂತನೆಯಾಗಲಿ ಏನನ್ನು ಕೇಳಬೇಕೆಂಬುದನ್ನು ಸೂಚಿಸುತ್ತವೆ. ಕೇಳಿದ್ದಕ್ಕೆ ಪುರಾವೆ ಒದಗಿಸುವ ಹೊಣೆ ಸಂಶೋಧಕನದಾಗಿಯೇ ಉಳಿಯುತ್ತದೆ.

ಕನ್ನಡದಲ್ಲಿ ಈ ವಿಚಾರಕ್ಕೆ ಪರಂಪರೆಯಿಲ್ಲವೆಂದಲ್ಲ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ', ಎಂ.ಎಂ. ಕಲಬುರ್ಗಿಯವರ 'ಕನ್ನಡ ಸಂಶೋಧನ ಶಾಸ್ತ್ರ' ಮೊದಲಾದ ಕೃತಿಗಳು ನಮ್ಮ ಕೈಯಲ್ಲಿವೆ. ಇವುಗಳ ಹೆಸರನ್ನು ಪ್ರಬಂಧದ ಕೊನೆಯಲ್ಲಿ ಪಟ್ಟಿಮಾಡುವುದಕ್ಕಿಂತ ಮೊದಲ ವರ್ಷದಲ್ಲಿಯೇ ಅವನ್ನು ಓದಿ, ತನ್ನ ವಿಷಯಕ್ಕೆ ಅನ್ವಯಿಸಿ ನೋಡುವುದು ಲೇಸು.

೩

ಒಂದೇ ಬಗೆಯ ಆಕರವು ಪ್ರಶ್ನೆ ಬದಲಾದಂತೆ ಹೇಗೆ ಬೇರೆ ಬೇರೆ ವಿಧಾನಗಳನ್ನು ಬೇಡುತ್ತದೆ ಎಂಬುದಕ್ಕೆ ಕನ್ನಡ ಶಾಸನಗಳನ್ನು ಆಧರಿಸಿದ ಮೂರು ಪ್ರಸಿದ್ಧ ಅಧ್ಯಯನಗಳು ಉತ್ತಮ ನಿದರ್ಶನ. ಎ.ಎನ್. ನರಸಿಂಹಯ್ಯನವರು ಲಂಡನ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ, ಆರು ಮತ್ತು ಏಳನೆಯ ಶತಮಾನಗಳ ಕನ್ನಡ ಶಾಸನಗಳ ವ್ಯಾಕರಣವನ್ನು ಕುರಿತ ಪ್ರಬಂಧ ೧೯೪೧ರಲ್ಲಿ ಮೈಸೂರಿನಿಂದ ಪ್ರಕಟವಾಯಿತು. ಜಿ.ಎಸ್. ಗಾಯಿ ಅವರು ಎಂಟು, ಒಂಬತ್ತು, ಹತ್ತನೆಯ ಶತಮಾನಗಳ ಶಾಸನಗಳನ್ನಷ್ಟೇ ಆಧರಿಸಿ ರಚಿಸಿದ ಹಳಗನ್ನಡದ ಐತಿಹಾಸಿಕ ವ್ಯಾಕರಣವನ್ನು ೧೯೪೬ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿತು. ಕನ್ನಡ ಭಾಷೆಯ ಚರಿತ್ರೆಗೆ ಅಡಿಗಲ್ಲಾದ ಕೃತಿಗಳಲ್ಲೊಂದು ಹೊರನಾಡಿನಲ್ಲಿಯೇ ಸಿದ್ಧವಾಯಿತೆಂಬುದು ಇಲ್ಲಿನ ವಿದ್ಯಾರ್ಥಿಗಳಿಗೆ ನೆನಪಿರಬೇಕಾದ ಸಂಗತಿ. ಮೂರನೆಯದು ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'. ಕ್ರಿ.ಶ. ೪೫೦ರಿಂದ ೧೧೫೦ರವರೆಗಿನ ಶಾಸನಗಳನ್ನು ಪರಿಶೀಲಿಸಿದ ಈ ಮಹಾಪ್ರಬಂಧ ೧೯೬೬ರಲ್ಲಿ ಪ್ರಕಟವಾಯಿತು.

ಮೊದಲೆರಡು ಅಧ್ಯಯನಗಳ ಪ್ರಶ್ನೆ ಭಾಷೆಯ ರೂಪಗಳದು. ಸಪ್ತಮೀ ವಿಭಕ್ತಿಯಲ್ಲಿ ಪ್ರಾಚೀನವಾದ 'ಉಳ್' ಎಂಬುದು 'ಒಳ್' ಆಗಿ ಮಾರ್ಪಟ್ಟ ಬಗೆಯನ್ನು ತಿಳಿಯಬೇಕಾದರೆ ಒಂದೊಂದು ರೂಪವನ್ನೂ ಕಾಲಾನುಕ್ರಮದಲ್ಲಿ ಜೋಡಿಸಬೇಕು. ಇಲ್ಲಿ ಶಾಸನದ ಕಾಲನಿರ್ಣಯವೇ ಪ್ರಾಣ. ದಾನ ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಗೌಣ. ಕಾಲ ತಿಳಿಯದ ಶಾಸನ, ಅದೆಷ್ಟೇ ಸುಂದರವಾಗಿದ್ದರೂ, ಈ ಅಧ್ಯಯನಕ್ಕೆ ಅಷ್ಟಾಗಿ ಒದಗಿಬರುವುದಿಲ್ಲ. ಚಿದಾನಂದಮೂರ್ತಿಯವರ ಪ್ರಶ್ನೆ ಬೇರೆ. ಧರ್ಮ, ಆಡಳಿತ, ಶಿಕ್ಷಣ, ವೀರರ ಆತ್ಮಬಲಿ ಮೊದಲಾದವುಗಳ ಮೂಲಕ ಒಂದು ಕಾಲದ ಜನಜೀವನವನ್ನು ಕಟ್ಟಿಕೊಡುವುದು ಅದರ ಗುರಿ. ಅಲ್ಲಿ ವಿಭಕ್ತಿಪ್ರತ್ಯಯ ಗೌಣವಾಗಿ ದಾನಿ, ಪ್ರತಿಗ್ರಾಹಿ, ಷರತ್ತು, ಶಾಪಾಶಯಗಳು ಮುಖ್ಯವಾಗುತ್ತವೆ.

ಕೂಟಶಾಸನಗಳ ಸಂದರ್ಭದಲ್ಲಿ ಈ ಭೇದ ಇನ್ನೂ ಸ್ಪಷ್ಟವಾಗುತ್ತದೆ. ಗಂಗರ ಹೆಸರಿನಲ್ಲಿ ದೊರೆತ ಹಲವು ತಾಮ್ರಪಟಗಳನ್ನು ಫ್ಲೀಟರು ಕೃತ್ರಿಮವೆಂದು ವಾದಿಸಿದ್ದು ಶಾಸನಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧ. ಐದನೆಯ ಶತಮಾನದ್ದೆಂದು ತನ್ನನ್ನು ತಾನೇ ಸಾರಿಕೊಳ್ಳುವ ತಾಮ್ರಪಟವೊಂದು ಕೆಲವು ಶತಮಾನಗಳ ಅನಂತರ ಸೃಷ್ಟಿಯಾದದ್ದೆಂದು ತಿಳಿದುಬಂದರೆ, ಐದನೆಯ ಶತಮಾನದ ಭಾಷೆಯನ್ನು ಅರಸುವವನು ಅದನ್ನು ಬದಿಗಿರಿಸಲೇಬೇಕು. ಆದರೆ ಭೂಮಿಯ ಹಕ್ಕನ್ನು ಸ್ಥಾಪಿಸಲು ಜನ ಯಾವ ಯಾವ ಉಪಾಯಗಳನ್ನು ಹೂಡುತ್ತಿದ್ದರೆಂಬ ಪ್ರಶ್ನೆ ಇಟ್ಟುಕೊಂಡವನಿಗೆ ಅದೇ ಕೂಟಶಾಸನ ಅಮೂಲ್ಯವಾದ ಸಾಕ್ಷಿ. ಯಾವ ಪ್ರಾಚೀನ ರಾಜನ ಹೆಸರಿಗೆ ಬೆಲೆಯಿತ್ತು, ಯಾವ ಬಗೆಯ ದಾನಕ್ಕೆ ಮನ್ನಣೆಯಿತ್ತು ಎಂಬುದನ್ನು ಅದು ತನ್ನನ್ನು ಸೃಷ್ಟಿಸಿದ ಕಾಲದ ಬಗೆಗೆ ಹೇಳುತ್ತದೆ. ಹೀಗೆ ಆಕರದ ಪ್ರಾಮಾಣ್ಯವು ಆಕರದಲ್ಲಷ್ಟೇ ನೆಲೆಸಿರದೆ, ಅದನ್ನು ಏನು ಕೇಳುತ್ತೇವೆಂಬುದರ ಮೇಲೂ ನಿಂತಿದೆ. ಪ್ರಶ್ನೆ ಸ್ಪಷ್ಟವಾಗದೆ ವಿಧಾನವನ್ನು ನಿಶ್ಚಯಿಸಲು ಏಕೆ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

೪

ಬೇರೆ ಬೇರೆ ವಿದ್ವಾಂಸರು ಒಂದು ಬಗೆಯ ಆಕರವನ್ನು ಬೇರೆ ಬೇರೆ ರೀತಿಯಲ್ಲಿ ಬಳಸಿದ್ದನ್ನು ನೋಡಿದೆವು. ಒಬ್ಬನೇ ವಿದ್ವಾಂಸ ತಾನೇ ಸಂಗ್ರಹಿಸಿದ ಸಾಮಗ್ರಿಯಿಂದ ಎರಡು ಮಹಾಪ್ರಬಂಧಗಳನ್ನು ಬರೆದ ಅಪರೂಪದ ನಿದರ್ಶನವೂ ನಮ್ಮ ಮುಂದಿದೆ. ಸಾಹಿತ್ಯದ ವಿದ್ಯಾರ್ಥಿಗಳು ಸಮಾಜವಿಜ್ಞಾನದ ಈ ಪ್ರಸಂಗವನ್ನು ತಿಳಿದಿರುವುದು ಉಪಯುಕ್ತ.

ಮೈಸೂರಿನಲ್ಲಿ ೧೯೧೬ರಲ್ಲಿ ಜನಿಸಿದ ಎಂ.ಎನ್. ಶ್ರೀನಿವಾಸ್ ಅವರು ಪದವಿಯ ತರುವಾಯ ಮುಂಬಯಿಗೆ ಬಂದು, ಅಲ್ಲಿನ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರ ವಿಭಾಗದಲ್ಲಿ ಜಿ.ಎಸ್. ಘುರ್ಯೆಯವರ ಶಿಷ್ಯರಾದರು. ಮೈಸೂರು ಸೀಮೆಯ ವಿವಾಹ ಮತ್ತು ಕುಟುಂಬವನ್ನು ಕುರಿತ ಅವರ ಮೊದಲ ಪುಸ್ತಕ ೧೯೪೨ರಲ್ಲಿ ಹೊರಬಂದಿತು. ಅನಂತರ ಕೊಡವರನ್ನು ಕುರಿತು ಕ್ಷೇತ್ರಕಾರ್ಯ ನಡೆಸಿ ಅವರು ಮುಂಬಯಿಯಲ್ಲಿ ಸಿದ್ಧಪಡಿಸಿದ ಪಿಎಚ್.ಡಿ. ಪ್ರಬಂಧ ಬೃಹತ್ತಾದದ್ದು, ಒಂದು ಜನಸಮುದಾಯದ ಆಚಾರವಿಚಾರಗಳನ್ನು ಸಮಗ್ರವಾಗಿ ವರ್ಣಿಸುವುದು ಅದರ ಸ್ವರೂಪ. ೧೯೪೫ರಲ್ಲಿ ಅವರು ಆಕ್ಸ್‌ಫರ್ಡ್‌ಗೆ ಹೋದಾಗ ರ‍್ಯಾಡ್‌ಕ್ಲಿಫ್ ಬ್ರೌನ್ ಅವರ ಮಾರ್ಗದರ್ಶನದಲ್ಲಿ, ಅವರ ನಿವೃತ್ತಿಯ ಬಳಿಕ ಇವಾನ್ಸ್ ಪ್ರಿಚರ್ಡ್ ಅವರ ಮಾರ್ಗದರ್ಶನದಲ್ಲಿ, ಅದೇ ಸಾಮಗ್ರಿಯನ್ನು ಮತ್ತೊಮ್ಮೆ ಕೈಗೆತ್ತಿಕೊಂಡರು. ಈಗ ಪ್ರಶ್ನೆ ಬದಲಾಗಿತ್ತು. ಕೊಡವರಲ್ಲಿ ಏನೇನು ಆಚರಣೆಗಳಿವೆ ಎಂಬುದರ ಬದಲು, ಆ ಆಚರಣೆಗಳು ಒಕ್ಕವನ್ನು, ಊರನ್ನು, ನಾಡನ್ನು ಹೇಗೆ ಬಂಧಿಸಿ ಹಿಡಿಯುತ್ತವೆ ಎಂಬುದನ್ನು ಅವರು ಕೇಳಿದರು. ಆ ಪ್ರಬಂಧಕ್ಕೆ ೧೯೪೭ರಲ್ಲಿ ಡಿ.ಫಿಲ್. ದೊರೆಯಿತು, ೧೯೫೨ರಲ್ಲಿ ಅದು ದಕ್ಷಿಣ ಭಾರತದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಪುಸ್ತಕವಾಗಿ ಪ್ರಕಟವಾಯಿತು. 'ಸಂಸ್ಕೃತೀಕರಣ' ಎಂಬ ಪರಿಕಲ್ಪನೆ ವಿದ್ವತ್ಪ್ರಪಂಚಕ್ಕೆ ಪರಿಚಯವಾದದ್ದು ಈ ಪುಸ್ತಕದ ಮೂಲಕ.

ಈ ಪ್ರಸಂಗದಿಂದ ಎರಡು ಸಂಗತಿಗಳನ್ನು ಗ್ರಹಿಸಬಹುದು. ಮೊದಲನೆಯದು, ಸಾಮಗ್ರಿಯ ಗಾತ್ರ ಹೆಚ್ಚಿದಷ್ಟೂ ಪ್ರಬಂಧದ ತೂಕ ಹೆಚ್ಚುತ್ತದೆಂಬ ನಂಬಿಕೆ ಸರಿಯಲ್ಲ. ಹೊಸ ಪ್ರಶ್ನೆಯ ಬೆಳಕು ಬಿದ್ದಾಗ ಹಳೆಯ ಟಿಪ್ಪಣಿಗಳೇ ಹೊಸ ಅರ್ಥವನ್ನು ಕೊಡುತ್ತವೆ. ಎರಡನೆಯದು, ಆ ಹೊಸ ಬೆಳಕಿಗೂ ನೆರಳುಂಟು. ಸಮಾಜದ ಪ್ರತಿಯೊಂದು ಅಂಗವೂ ಇನ್ನೊಂದಕ್ಕೆ ಪೂರಕವೆಂದು ನೋಡುವ ಕಾರ್ಯವಾದಿ ದೃಷ್ಟಿಯಲ್ಲಿ ಒಗ್ಗಟ್ಟು ಎದ್ದು ಕಾಣುತ್ತದೆ. ವಿರಸ, ವಿರೋಧ, ಕಾಲದ ಬದಲಾವಣೆಗಳು ಹಿನ್ನೆಲೆಗೆ ಸರಿಯುತ್ತವೆ. ವರ್ಣನಾತ್ಮಕವಾದ ಹಳೆಯ ಕ್ರಮದಲ್ಲಿ, ಯಾವ ವಾದಕ್ಕೂ ಹೊಂದದ ವಿವರಗಳಿಗೂ ಒಂದು ಮೂಲೆಯಲ್ಲಿ ಜಾಗವಿರುತ್ತಿತ್ತು. ಪ್ರತಿಯೊಂದು ವಿಧಾನವೂ ಏನನ್ನೋ ತೋರಿಸಲು ಇನ್ನೇನನ್ನೋ ಮರೆಮಾಡುತ್ತದೆ. ತನ್ನ ವಿಧಾನ ಮರೆಮಾಡುವುದೇನೆಂಬುದನ್ನು ಬಲ್ಲ ವಿದ್ಯಾರ್ಥಿಯೇ ಅದನ್ನು ನಿಜವಾಗಿ ಆಯ್ದುಕೊಂಡವನು.

ಶ್ರೀನಿವಾಸ್ ಅವರ ಜೀವನದ ಮುಂದಿನ ಘಟನೆಯೊಂದು ಈ ಮಾತಿಗೆ ಪೂರಕವಾಗಿದೆ. ೧೯೪೮ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ಅವರು ನಡೆಸಿದ ಕ್ಷೇತ್ರಕಾರ್ಯದ ಟಿಪ್ಪಣಿಗಳ ಪರಿಷ್ಕೃತ ಪ್ರತಿಗಳು ೧೯೭೦ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ಬಹುಮಟ್ಟಿಗೆ ನೆನಪನ್ನೇ ಆಧರಿಸಿ ಅವರು ಬರೆದ ಪುಸ್ತಕ ೧೯೭೬ರಲ್ಲಿ ಪ್ರಕಟವಾಯಿತು. 'ನೆನಪಿನಲ್ಲಿ ಉಳಿದ ಹಳ್ಳಿ' ಎಂಬರ್ಥದ ಅದರ ಶೀರ್ಷಿಕೆಯೇ ಆಕರದ ಸ್ವರೂಪವನ್ನೂ ಮಿತಿಯನ್ನೂ ಓದುಗನಿಗೆ ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ವಿಧಾನದ ಪ್ರಾಮಾಣಿಕತೆ ಎಂದರೆ ಇದೇ. ಆಕರ ದುರ್ಬಲವಾಗಿರುವುದು ಅಪರಾಧವಲ್ಲ, ಅದನ್ನು ಬಚ್ಚಿಡುವುದು ಅಪರಾಧ.

೫

ಪ್ರಶ್ನೆ ಎಷ್ಟೇ ಒಳ್ಳೆಯದಾಗಿದ್ದರೂ ಆಕರದ ಹುಟ್ಟಿನ ಬಗೆಯನ್ನು ಅರಿಯದೆ ವಿಧಾನವನ್ನು ಅದರ ಮೇಲೆ ಹೇರಿದರೆ ದೊರೆಯುವ ಉತ್ತರ ಸುಳ್ಳಾಗುತ್ತದೆ. ವಚನಸಾಹಿತ್ಯದ ಉದಾಹರಣೆಯನ್ನು ನೋಡಬಹುದು. ಕರ್ನಾಟಕ ಸರ್ಕಾರವು ೧೯೯೩ರಲ್ಲಿ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಸಾಹಿತ್ಯವನ್ನು ಹೊರತಂದ ಮೇಲೆ ವಚನಗಳೆಲ್ಲ ಒಂದೆಡೆ ಲಭ್ಯವಾದವು. ಇಂದು ಗಣಕಯಂತ್ರದ ನೆರವಿನಿಂದ ಯಾವ ಪದ ಯಾರ ವಚನಗಳಲ್ಲಿ ಎಷ್ಟು ಬಾರಿ ಬಂದಿದೆಯೆಂಬುದನ್ನು ಕ್ಷಣಮಾತ್ರದಲ್ಲಿ ಎಣಿಸಬಹುದು. ಹನ್ನೆರಡನೆಯ ಶತಮಾನದ ಶರಣೆಯರು ತಮ್ಮ ಕಾಯಕದ ಪದಗಳನ್ನು ಎಷ್ಟರ ಮಟ್ಟಿಗೆ ಬಳಸಿದ್ದಾರೆ ಎಂಬ ಪ್ರಶ್ನೆ ಇಟ್ಟುಕೊಂಡ ವಿದ್ಯಾರ್ಥಿನಿಗೆ ಈ ಎಣಿಕೆಯ ಕ್ರಮ ತುಂಬ ಆಕರ್ಷಕವಾಗಿ ತೋರುತ್ತದೆ.

ಆದರೆ ಎಣಿಸುತ್ತಿರುವುದು ಏನನ್ನು? ವಚನಗಳು ಸಂಕಲನ ರೂಪದಲ್ಲಿ ದೊಡ್ಡ ಪ್ರಮಾಣದಲ್ಲಿ ವ್ಯವಸ್ಥೆಗೊಂಡದ್ದು ಹದಿನೈದನೆಯ ಶತಮಾನದಲ್ಲಿ ಮತ್ತು ಅದರ ಅನಂತರ. ಅಂಕಿತಗಳ ಗೊಂದಲ, ಪ್ರಕ್ಷಿಪ್ತಗಳು, ಲಿಪಿಕಾರರ ತಿದ್ದುಪಡಿಗಳು ಎಲ್ಲವೂ ಆ ಪಠ್ಯದಲ್ಲಿ ಸೇರಿಕೊಂಡಿವೆ. ಆದ್ದರಿಂದ ಎಣಿಕೆಯ ಫಲಿತಾಂಶವು ಹನ್ನೆರಡನೆಯ ಶತಮಾನದ ಶರಣೆಯರ ಮಾತಿಗಿಂತ ಹೆಚ್ಚಾಗಿ, ಸಂಕಲನಕಾರರು ಉಳಿಸಿಕೊಟ್ಟ ಪಠ್ಯವನ್ನು ಅಳೆಯುತ್ತದೆ. ಈ ತೊಡಕಿನಿಂದ ಹೊರಬರಲು ಎರಡು ದಾರಿಗಳಿವೆ. ಪ್ರಶ್ನೆಯನ್ನು ಹಾಗೆಯೇ ಉಳಿಸಿಕೊಳ್ಳುವುದಾದರೆ ಮೊದಲು ಗ್ರಂಥಸಂಪಾದನೆಯ ಶಿಸ್ತಿನಿಂದ ಹಸ್ತಪ್ರತಿಗಳ ಚರಿತ್ರೆಯನ್ನು ಪರಿಶೀಲಿಸಿ, ಎಣಿಕೆಯನ್ನು ಎರಡನೆಯ ಹಂತಕ್ಕೆ ಇಡಬೇಕು. ಇಲ್ಲವೇ, ಸಂಕಲನಕಾರರು ಶರಣೆಯರನ್ನು ಹೇಗೆ ಕಂಡರು ಎಂದು ಪ್ರಶ್ನೆಯನ್ನೇ ಬದಲಾಯಿಸಬೇಕು. ಆಗ ಅದುವರೆಗೆ ಅಡ್ಡಿಯಾಗಿದ್ದ ಸಂಕಲನವೇ ನೇರವಾದ ಆಕರವಾಗುತ್ತದೆ. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡುವ ತೌಲನಿಕ ವಿಧಾನಕ್ಕೆ ಅಲ್ಲಿ ನಿಜವಾದ ಕೆಲಸವಿದೆ.

ಮೌಖಿಕ ಕಾವ್ಯದಲ್ಲಿ ಪರಿಸ್ಥಿತಿ ಇನ್ನೊಂದು ಬಗೆಯದು. ಗ್ರಂಥಸಂಪಾದಕನು ಹಲವು ಪ್ರತಿಗಳ ಹಿಂದೆ ಕವಿ ಬರೆದ ಮೂಲಪಾಠವನ್ನು ಅರಸುತ್ತಾನೆ. ಆದರೆ ಗದ್ದೆಯಲ್ಲಿ ನಾಟಿಯ ಹೊತ್ತಿಗೆ ಹಾಡಿದ ಪಾಡ್ದನ, ಆರಾಧನೆಯ ಸಂದರ್ಭದಲ್ಲಿ ಹಾಡಿದ್ದು, ವಿದ್ವಾಂಸರ ಎದುರಿನಲ್ಲಿ ಕುಳಿತು ಹೇಳಿದ್ದು ಇವುಗಳಲ್ಲಿ ಯಾವುದು ಮೂಲ? ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರ ಸಹಯೋಗದಲ್ಲಿ ೧೯೯೮ರಲ್ಲಿ ಪ್ರಕಟಿಸಿದ ತುಳುವಿನ ಸಿರಿ ಮಹಾಕಾವ್ಯದ ಪಠ್ಯದಲ್ಲಿ ೧೫,೬೮೩ ಸಾಲುಗಳಿವೆ. ಅದರ ಶೀರ್ಷಿಕೆಯಲ್ಲಿಯೇ ಅದು ಗೋಪಾಲ ನಾಯ್ಕರು ಹಾಡಿದ್ದೆಂಬ ಮಾತಿದೆ. ಇದು ಸಿರಿ ಕಾವ್ಯದ ಏಕೈಕ ಪಠ್ಯವೆಂದು ಸಂಪಾದಕರು ಸಾಧಿಸಹೊರಡಲಿಲ್ಲ. ಒಬ್ಬ ಗಾಯಕರ ಒಂದು ಪ್ರಸ್ತುತಿಯನ್ನು ಪೂರ್ಣವಾಗಿ ದಾಖಲಿಸಿ, ಆ ದಾಖಲೆ ಹೇಗೆ ಪಠ್ಯವಾಯಿತೆಂಬುದನ್ನು ಪ್ರತ್ಯೇಕ ಗ್ರಂಥದಲ್ಲಿ ವಿವರಿಸಿದರು. ನಾಲ್ವರು ಗಾಯಕರ ಹಾಡುಗಳಿಂದ ಚೆಲುವಾದ ಸಾಲುಗಳನ್ನು ಆಯ್ದು ಒಂದು 'ಪರಿಷ್ಕೃತ' ಜನಪದ ಮಹಾಕಾವ್ಯವನ್ನು ಹೊಸೆಯುವ ವಿದ್ಯಾರ್ಥಿ, ಯಾರೂ ಎಂದೂ ಹಾಡದಿದ್ದ ಕಾವ್ಯವೊಂದನ್ನು ತಾನೇ ರಚಿಸಿದಂತಾಗುತ್ತದೆ. ಹಸ್ತಪ್ರತಿಗೆ ಸಲ್ಲುವ ನ್ಯಾಯ ಕೊರಳಿಗೆ ಸಲ್ಲಲಾರದು.

೬

ಈಗ ನಮ್ಮ ನಡುವಿನ ಒಂದು ವಿಷಯವನ್ನೇ ತೆಗೆದುಕೊಂಡು, ವಿಧಾನದ ಆಯ್ಕೆ ಹೇಗೆ ನಡೆಯಬೇಕೆಂಬುದನ್ನು ಪರಿಶೀಲಿಸೋಣ. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಒಂದು ಉತ್ತಮ ಸಂಶೋಧನ ಕ್ಷೇತ್ರ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಪಾಠಕ್ಕೆ ಕುಳಿತ ಹುಡುಗರ ಕಥೆ ಈ ನಗರದ ಕನ್ನಡಿಗರೆಲ್ಲರಿಗೂ ಪರಿಚಿತ. ಆದರೆ 'ಮುಂಬಯಿಯ ಕನ್ನಡ ರಾತ್ರಿಶಾಲೆಗಳು: ಒಂದು ಅಧ್ಯಯನ' ಎಂಬುದು ಇನ್ನೂ ವಿಷಯ ಮಾತ್ರ. ಅದರಿಂದ ಕನಿಷ್ಠ ಮೂರು ಪ್ರಶ್ನೆಗಳನ್ನು ತೆಗೆಯಬಹುದು.

ಒಂದು: ಈ ಶಾಲೆಗಳು ಯಾವ ಕಾರಣದಿಂದ ಹುಟ್ಟಿದವು, ಯಾವ ಕಾರಣದಿಂದ ಕ್ಷೀಣಿಸಿದವು? ಇದಕ್ಕೆ ಐತಿಹಾಸಿಕ ವಿಧಾನ ಬೇಕು. ಹಾಜರಿ ಪುಸ್ತಕ, ಆಡಳಿತ ಮಂಡಳಿಯ ನಡಾವಳಿ, ವಾರ್ಷಿಕ ವರದಿ, ಲೆಕ್ಕಪತ್ರ, ಅಂದಿನ ಪತ್ರಿಕೆಗಳು ಆಕರಗಳು. ಇಲ್ಲಿ ಎಚ್ಚರ ವಹಿಸಬೇಕಾದದ್ದು ಸ್ಮರಣ ಸಂಚಿಕೆಗಳ ವಿಷಯದಲ್ಲಿ. ಬೆಳ್ಳಿಹಬ್ಬ, ಸುವರ್ಣ ಮಹೋತ್ಸವಗಳಿಗಾಗಿ ಹೊರಬಂದ ಸಂಚಿಕೆಗಳಲ್ಲಿ ದಾನಿಗಳ ಭಾವಚಿತ್ರಗಳಿರುತ್ತವೆ, ಶಾಲೆ ಬಿಟ್ಟುಹೋದ ಹುಡುಗರ ಸಂಖ್ಯೆ ಇರುವುದಿಲ್ಲ. ಅದನ್ನು ಹಾಜರಿ ಪುಸ್ತಕದಲ್ಲಿಯೇ ಹುಡುಕಬೇಕು.

ಎರಡು: ಅಲ್ಲಿ ಓದಿದವರ ಬದುಕಿನಲ್ಲಿ ಆ ಓದಿಗೆ ಏನು ಅರ್ಥವಿತ್ತು? ಇದಕ್ಕೆ ಮೌಖಿಕ ಇತಿಹಾಸದ ವಿಧಾನ ಸೂಕ್ತ. ಆದರೆ ಸಂದರ್ಶನಕ್ಕೆ ಸುಲಭವಾಗಿ ದೊರೆಯುವವರು ಯಾರು? ರಾತ್ರಿಶಾಲೆಯಲ್ಲಿ ಓದಿ ವಕೀಲರಾದವರು, ಹೋಟೆಲಿನ ಒಡೆಯರಾದವರು, ಸಂಘಗಳ ಅಧ್ಯಕ್ಷರಾದವರು. ಓದು ಕೈಹತ್ತದೆ ಊರಿಗೆ ಮರಳಿದವರು ಉಡುಪಿಯ ಕಡೆಯ ಯಾವುದೋ ಹಳ್ಳಿಯಲ್ಲಿದ್ದಾರೆ, ಅಥವಾ ಈಗಾಗಲೇ ಇಲ್ಲವಾಗಿದ್ದಾರೆ. ಮೊದಲನೆಯವರನ್ನಷ್ಟೇ ಕಂಡು ಬರೆದ ಪ್ರಬಂಧದಲ್ಲಿ ರಾತ್ರಿಶಾಲೆಗೆ ಹೋದವರೆಲ್ಲರೂ ಉದ್ಧಾರವಾಗಿರುತ್ತಾರೆ. ಇದು ಸುಳ್ಳು ಹೇಳಿಕೆಗಳಿಂದ ಹುಟ್ಟಿದ ದೋಷವಲ್ಲ. ಪ್ರತಿಯೊಬ್ಬರೂ ಸತ್ಯವನ್ನೇ ಹೇಳಿರುತ್ತಾರೆ. ಯಾರನ್ನು ಕೇಳಲಿಲ್ಲ ಎಂಬಲ್ಲಿ ದೋಷವಿದೆ. ಇನ್ನೊಂದು ತೊಡಕು ಭಾಷೆಯದು. ಮಾತು ನಡೆಯುವುದು ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ, ಪ್ರಬಂಧ ಗ್ರಾಂಥಿಕ ಕನ್ನಡದಲ್ಲಿ. ಆಡಿದ ಮಾತು, ಅದರ ಲಿಪ್ಯಂತರ, ಅದರ ಅನುವಾದ ಈ ಮೂರರ ನಡುವಿನ ಅಂತರವನ್ನು ಪ್ರಬಂಧದಲ್ಲಿ ನಿರೂಪಿಸದಿದ್ದರೆ, ಹೋಟೆಲಿನ ಕಾರ್ಮಿಕರೆಲ್ಲ ಪ್ರಾಧ್ಯಾಪಕರ ಭಾಷೆಯಲ್ಲಿ ಮಾತನಾಡಿದಂತೆ ತೋರುತ್ತದೆ.

ಮೂರು: ನಗರಕ್ಕೆ ಬಂದ ಇಂಥ ಶ್ರಮಜೀವಿಯನ್ನು ಕನ್ನಡ ಕಥನಸಾಹಿತ್ಯ ಹೇಗೆ ಕಲ್ಪಿಸಿಕೊಂಡಿದೆ? ವ್ಯಾಸರಾಯ ಬಲ್ಲಾಳರ 'ಬಂಡಾಯ', ಯಶವಂತ ಚಿತ್ತಾಲರ 'ಶಿಕಾರಿ', ಜಯಂತ ಕಾಯ್ಕಿಣಿಯವರ ಕಥೆಗಳು ಹೀಗೆ ಮುಂಬಯಿಯನ್ನು ಬೇರೆ ಬೇರೆ ನೆಲೆಗಳಿಂದ ಕಂಡ ಬರವಣಿಗೆಯ ದೊಡ್ಡ ಪರಂಪರೆಯೇ ನಮ್ಮಲ್ಲಿದೆ. ಇಲ್ಲಿ ಬೇಕಾದದ್ದು ಪಠ್ಯವಿಮರ್ಶೆಯ ವಿಧಾನ. ಕಥೆಯಲ್ಲಿ ಬಂದ ಚಾಳಿನ ವರ್ಣನೆಯನ್ನು ಮೊದಲ ಪ್ರಶ್ನೆಗೆ ದಾಖಲೆಯಂತೆ ಬಳಸುವುದಾಗಲಿ, ದಾಖಲೆಯೊಂದಿಗೆ ತಾಳೆ ನೋಡಿ ಕಥೆಗಾರನು ತಪ್ಪಿದನೆಂದು ತೀರ್ಪು ಕೊಡುವುದಾಗಲಿ ಎರಡೂ ವಿಧಾನಗಳ ಬೆರಕೆಯಿಂದ ಹುಟ್ಟುವ ದೋಷಗಳು.

ಇಂಥ ವಿಷಯಗಳಲ್ಲಿ ಪ್ರಶ್ನಾವಳಿಯ ಮೋಹ ಇತ್ತೀಚೆಗೆ ಹೆಚ್ಚಾಗಿದೆ. ರಾಜ್ಯೋತ್ಸವದ ದಿನ ಸಂಘದ ಸಭಾಂಗಣದ ಬಾಗಿಲಲ್ಲಿ ಇನ್ನೂರು ಪ್ರಶ್ನಾವಳಿಗಳನ್ನು ಹಂಚಿ, ಮುಂಬಯಿ ಕನ್ನಡಿಗರಲ್ಲಿ ಇಂತಿಷ್ಟು ಶೇಕಡಾ ಮಂದಿ ಕನ್ನಡ ಪುಸ್ತಕ ಓದುತ್ತಾರೆಂದು ನಿರ್ಣಯಿಸುವುದು ಸುಲಭ. ರಾಜ್ಯೋತ್ಸವಕ್ಕೆ ಬಂದವರು ಕನ್ನಡದ ಮೇಲೆ ಮೊದಲೇ ಅಭಿಮಾನವುಳ್ಳವರು ಎಂಬುದನ್ನು ಆ ಶೇಕಡಾವಾರು ಹೇಳುವುದಿಲ್ಲ. 'ಮುಂಬಯಿ ಕನ್ನಡಿಗ' ಎಂದರೆ ಯಾರು ಎಂಬುದೂ ಮೊದಲೇ ನಿರ್ಧಾರವಾಗಬೇಕು. ಜನಗಣತಿಯಲ್ಲಿ ತುಳುವನ್ನು ಕನ್ನಡದಿಂದ ಬೇರೆಯಾದ ಮಾತೃಭಾಷೆಯಾಗಿ ಎಣಿಸಲಾಗುತ್ತದೆ. ಮನೆಯಲ್ಲಿ ತುಳು ಮಾತನಾಡಿ, ಶಾಲೆಯಲ್ಲಿ ಕನ್ನಡ ಕಲಿತು, ಕನ್ನಡ ಪತ್ರಿಕೆಯನ್ನು ಓದುವ ವ್ಯಕ್ತಿ ಆ ಲೆಕ್ಕದಲ್ಲಿ ಕನ್ನಡಿಗನಲ್ಲ. ನಮ್ಮ ಸಂಘಗಳ ಲೆಕ್ಕದಲ್ಲಿ ಅವನೇ ಮುಂದಾಳು. ಪಾರಿಭಾಷಿಕ ನಿರ್ಣಯವಿಲ್ಲದ ಅಂಕಿಸಂಖ್ಯೆ ಕೇವಲ ಅಲಂಕಾರವಾಗುತ್ತದೆ.

ಮೂರು ಪ್ರಶ್ನೆಗಳನ್ನೂ ಒಂದೇ ಪ್ರಬಂಧದಲ್ಲಿ ಸೇರಿಸಬಾರದೇ ಎಂದು ಕೇಳಬಹುದು. ಒಂದನ್ನು ಮುಖ್ಯವಾಗಿರಿಸಿ ಇನ್ನೊಂದನ್ನು ಅದಕ್ಕೆ ಸಹಾಯಕವಾಗಿ ಬಳಸುವುದು ಸಾಧ್ಯ. ಹಾಜರಿ ಪುಸ್ತಕದಿಂದ ಶಾಲೆ ಬಿಟ್ಟವರ ಪ್ರಮಾಣವನ್ನು ತಿಳಿದು, ಸಂದರ್ಶನಗಳಲ್ಲಿ ಅಂಥವರನ್ನು ಉದ್ದೇಶಪೂರ್ವಕವಾಗಿ ಹುಡುಕಿಕೊಂಡು ಹೋಗುವುದು ಸಾರ್ಥಕವಾದ ಮಿಶ್ರಣ. ಮೂರಕ್ಕೂ ಸಮಪಾಲು ಕೊಟ್ಟರೆ ಮೂರು ಅಪೂರ್ಣ ಪ್ರಬಂಧಗಳು ಒಂದೇ ರಟ್ಟಿನೊಳಗೆ ಬಂದಂತಾಗುತ್ತದೆ.

೭

ಮೇಲಿನ ವಿವೇಚನೆಯಿಂದ ವಿದ್ಯಾರ್ಥಿಗಳಿಗೆ ಉಪಯೋಗವಾಗಬಹುದಾದ ಕೆಲವು ಸೂಚನೆಗಳು ಹೊರಡುತ್ತವೆ.

ನೋಂದಣಿಗೆ ಮುನ್ನ ತನ್ನ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ, ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಬರೆಯಬೇಕು. ಅದಕ್ಕೆ ಸಂಭವನೀಯವಾದ ಎರಡು ಭಿನ್ನ ಉತ್ತರಗಳನ್ನು ಕೆಳಗೆ ಬರೆದು, ಯಾವ ಸಾಕ್ಷ್ಯ ದೊರೆತರೆ ಮೊದಲನೆಯದನ್ನು ಕೈಬಿಟ್ಟು ಎರಡನೆಯದನ್ನು ಒಪ್ಪಬೇಕಾಗುತ್ತದೆ ಎಂಬುದನ್ನು ಹೇಳಲು ಬರಬೇಕು. ಹಾಗೆ ಹೇಳಲು ಬಂದರೆ ವಿಧಾನ ಬಹುಮಟ್ಟಿಗೆ ನಿರ್ಧಾರವಾದಂತೆಯೇ.

ಆಕರಗಳನ್ನು ಕಣ್ಣಾರೆ ಕಂಡ ಮೇಲೆಯೇ ಅವುಗಳ ಮೇಲೆ ಭರವಸೆಯಿಡಬೇಕು. ಗ್ರಂಥಸೂಚಿಯಲ್ಲಿ ಹೆಸರಿರುವ ಹಸ್ತಪ್ರತಿ ಹುಳು ತಿಂದಿರಬಹುದು. ಸಂಘದ ಕಪಾಟಿನಲ್ಲಿದೆಯೆಂದ ನಡಾವಳಿ ಪುಸ್ತಕ ಮಳೆಗಾಲದ ನೆರೆಯಲ್ಲಿ ನೆನೆದುಹೋಗಿರಬಹುದು. ಮೊದಲ ಆರು ತಿಂಗಳಲ್ಲಿ ಆಕರದ ಒಂದು ಸಣ್ಣ ಭಾಗವನ್ನು, ಐದು ಶಾಸನಗಳನ್ನೋ ಮೂರು ಸಂದರ್ಶನಗಳನ್ನೋ, ತೆಗೆದುಕೊಂಡು ಆಯ್ದ ವಿಧಾನದಿಂದ ಪೂರ್ಣವಾಗಿ ವಿಶ್ಲೇಷಿಸಿ ಹತ್ತು ಪುಟ ಬರೆಯಬೇಕು. ವಿಧಾನ ತಪ್ಪಾಗಿದ್ದರೆ ಈ ಹತ್ತು ಪುಟಗಳಲ್ಲಿಯೇ ಅದು ತಿ​ಳಿಯುತ್ತದೆ. ಆಗ ಬದಲಾಯಿಸಿದರೆ ನಷ್ಟ ಆರು ತಿಂಗಳದು. ನಾಲ್ಕನೆಯ ವರ್ಷದಲ್ಲಿ ಬದಲಾಯಿಸಿದರೆ ಪ್ರಬಂಧದ್ದು.

ವಾದಕ್ಕೆ ಹೊಂದದ ಸಾಕ್ಷ್ಯವನ್ನು ಪ್ರತ್ಯೇಕವಾಗಿ ಬರೆದಿಡುವ ಅಭ್ಯಾಸ ಒಳ್ಳೆಯದು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳುವುದು ಹೆಚ್ಚಾಗಿ ಅದನ್ನೇ. ಮಾರ್ಗದರ್ಶಕರ ಪಾತ್ರವೂ ಇಲ್ಲಿ ಮಹತ್ವದ್ದು. ತಮಗೆ ಪ್ರಿಯವಾದ ವಿಧಾನವನ್ನು ವಿದ್ಯಾರ್ಥಿಗೆ ಹಚ್ಚುವ ಬದಲು, 'ಇದು ನಿನಗೆ ಹೇಗೆ ಗೊತ್ತಾಯಿತು?' ಎಂಬ ಒಂದೇ ಪ್ರಶ್ನೆಯನ್ನು ಪ್ರತಿ ಅಧ್ಯಾಯದ ಅಂಚಿನಲ್ಲಿ ಬರೆದರೂ ಸಾಕು.

ಕೊನೆಯದಾಗಿ ಒಂದು ಮಾತು. ಆಕರಗಳಿಂದ ದೂರವಿರುವ ನಮಗೆ ಸಂಶೋಧನೆ ಕಷ್ಟವೆಂಬ ಅಳಲು ಹೊರನಾಡಿನ ವಿದ್ಯಾರ್ಥಿಗಳಲ್ಲಿದೆ. ಹಳಗನ್ನಡ ಹಸ್ತಪ್ರತಿಗಳ ಮಟ್ಟಿಗೆ ಅದು ನಿಜ. ಆದರೆ ಇಲ್ಲಿನ ಚಾಳುಗಳಲ್ಲಿ, ಸಂಘಗಳ ಕಪಾಟುಗಳಲ್ಲಿ, ಯಕ್ಷಗಾನ ಮಂಡಳಿಗಳ ಹಳೆಯ ಕರಪತ್ರಗಳಲ್ಲಿ, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹಿರಿಯರ ನೆನಪುಗಳಲ್ಲಿ ಇರುವ ಆಕರ ಬೇರೆಲ್ಲಿಯೂ ಇಲ್ಲ. ಶಾಸನ ಇನ್ನೂ ನೂರು ವರ್ಷ ಕಾಯಬಹುದು, ಆ ಹಿರಿಯರು ಕಾಯಲಾರರು. ಸರಿಯಾದ ಪ್ರಶ್ನೆಯೊಂದಿಗೆ ಅವರ ಬಾಗಿಲಿಗೆ ಹೋಗುವವರು ಬೇಗನೆ ಹೋಗಬೇಕು. ಹೋಗುವ ಮುನ್ನ ಏನನ್ನು ಕೇಳಬೇಕು, ಕೇಳಿದ್ದನ್ನು ಹೇಗೆ ನಂಬಬೇಕು ಎಂಬುದನ್ನು ಯೋಚಿಸಿಕೊಂಡಿರಬೇಕು. ವಿಧಾನದ ಆಯ್ಕೆ ಎಂದರೆ ಈ ಸಿದ್ಧತೆಯೇ.